ಮುಖ ಯಾರದು?

ಮನುಷ್ಯನು ತನ್ನ ಕೈಯನ್ನು ಕಾಣುತ್ತಾನೆ, ಕಾಲನ್ನು ಕಾಣುತ್ತಾನೆ. ತನ್ನ ಮುಖವನ್ನು ಮಾತ್ರ ತಾನು ಕಾಣಲಾರ. ಕನ್ನಡಿಯಲ್ಲಿ ತೋರುವುದು ಅದರ ನೆರಳು. ಅದೂ ಎಡಬಲ ಅದಲುಬದಲಾದ ನೆರಳು. ನಮ್ಮ ಮುಖವನ್ನು ನಿತ್ಯವೂ ನೋಡುವವರು, ಅದನ್ನು ಓದುವವರು, ಅದರ ಮೇಲಿಂದ ನಮ್ಮನ್ನು ಅಳೆಯುವವರು ಎಲ್ಲರೂ ಹೊರಗಿನವರೇ. ಹೀಗಿರಲು ಮುಖವೆಂಬುದು ಅದನ್ನು ಹೊತ್ತವರದೋ, ನೋಡುವವರದೋ? ಇದು ತರ್ಕ ಬಲ್ಲವರು ಬಿಡುವಿನ ವೇಳೆಯಲ್ಲಿ ಆಡಿಕೊಳ್ಳುವ ಪ್ರಶ್ನೆಯೆಂದು ನಾನೂ ಬಹುಕಾಲ ತಿಳಿದಿದ್ದೆ. ಅದು ವಿದ್ಯಾಗಿರಿಯ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತು ಉತ್ತರ ಕೇಳೀತೆಂದು ಎಣಿಸಿರಲಿಲ್ಲ.

ಬಂದದ್ದು ಹೀಗೆ. ಇಳಕಲ್ಲಿನಲ್ಲಿರುವ ನನ್ನ ಚಿಗವ್ವನಿಗೆ ಎಡಗಿವಿಯ ಹಾಲೆಯ ಕೆಳಗೆ ಒಂದು ಗಂಟು ಎದ್ದಿತ್ತು. ಮೊದಲು ಅಡಿಕೆಯಷ್ಟಿತ್ತು. ಮಂಗನಬಾವು ಇದ್ದೀತೆಂದು ಓಣಿಯವರು ಹೇಳಿದ ಲೇಪಗಳೆಲ್ಲ ಆದವು. ಮಂಗನಬಾವು ಎಂಟು ಹತ್ತು ದಿನಕ್ಕೆ ಇಳಿಯುತ್ತದೆ, ಇದು ಇಳಿಯಲಿಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ನಿಂಬೆಯ ಹಣ್ಣಿನಷ್ಟಾಯಿತು. ನೋವಿಲ್ಲ, ಜ್ವರವಿಲ್ಲ, ಉಣ್ಣುವುದಕ್ಕೆ ತೊಂದರೆಯಿಲ್ಲ. ಸೆರಗನ್ನು ತುಸು ಮುಂದಕ್ಕೆ ಎಳೆದುಕೊಂಡರೆ ಕಾಣಿಸುತ್ತಲೂ ಇರಲಿಲ್ಲ. ನಾವು ಆ ವಿಷಯ ಎತ್ತಿದಾಗಲೆಲ್ಲ ಆಕೆ, "ನನ್ನ ಪಾಡಿಗೆ ನಾ ಅದೀನಿ, ಅದರ ಪಾಡಿಗೆ ಅದು ಐತಿ, ಬಿಡ" ಎಂದು ನಕ್ಕುಬಿಡುತ್ತಿದ್ದಳು. ನೋಯದ ರೋಗಕ್ಕೆ ಮದ್ದು ಮಾಡಿಸುವುದು ನೋಯುವ ರೋಗಕ್ಕೆ ಮಾಡಿಸುವುದಕ್ಕಿಂತ ಕಷ್ಟದ ಕೆಲಸ.

ನಮ್ಮ ಹಿರಿಯರ ಕಾಲದಲ್ಲಿ ಈ ಭಾಗದಲ್ಲಿ ಆಪರೇಶನ್ ಎಂದರೆ ಮಿರಜೆಯೇ. 1894ರಲ್ಲಿ ವಾನ್ಲೆಸ್ ಎಂಬ ಮಿಶನರಿ ವೈದ್ಯರು ಅಲ್ಲಿ ತೆರೆದ ಆಸ್ಪತ್ರೆಗೆ ಬುತ್ತಿ ಕಟ್ಟಿಕೊಂಡು, ಗಾಡಿ ಹತ್ತಿ ಹೋಗುತ್ತಿದ್ದರು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಬಂತು. 2002ರಲ್ಲಿ ನಮ್ಮ ಬಾಗಲಕೋಟೆಯಲ್ಲಿಯೇ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಆಯಿತು. ಹಳೆಯ ಊರಿನ ಬಹುಭಾಗವನ್ನು ಆಲಮಟ್ಟಿಯ ಹಿನ್ನೀರಿಗೆ ಕೊಟ್ಟು ನವನಗರವನ್ನು ಕಟ್ಟಿಕೊಂಡವರು ನಾವು. ಕಳೆದುಕೊಳ್ಳುವುದು, ಪಡೆಯುವುದು ಎರಡೂ ನಮಗೆ ಹೊಸತಲ್ಲ. ಈಗ ದೊಡ್ಡ ಚಿಕಿತ್ಸೆಗೂ ದೂರ ಹೋಗಬೇಕಾಗಿಲ್ಲ. ಚಿಗವ್ವನಿಗೆ ಯಾವ ಆಸ್ಪತ್ರೆಯಲ್ಲಿ ತೋರಿಸಿದೆವೆಂಬುದು ಈ ಬರಹಕ್ಕೆ ಮುಖ್ಯವಲ್ಲ. ಅಲ್ಲಿಯ ವೈದ್ಯರು ಸೂಜಿ ಹಾಕಿ ಪರೀಕ್ಷೆ ಮಾಡಿಸಿ, ಇದು ಪೆರೋಟಿಡ್ ಗ್ರಂಥಿಯ ಗಡ್ಡೆ, ಕ್ಯಾನ್ಸರ್ ಅಲ್ಲ, ಆದರೂ ತೆಗೆಸುವುದು ಒಳಿತು ಎಂದರು. ಆಮೇಲೆ ನಮ್ಮನ್ನು ಕೂರಿಸಿಕೊಂಡು ಅವರು ವಿವರಿಸಿದ್ದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಏಕೆಂದರೆ ನಮ್ಮ ನೈತಿಕ ತೊಡಕು ಹುಟ್ಟಿದ್ದೇ ಶರೀರದ ಆ ರಚನೆಯಿಂದ.

ಬಾಯಿಗೆ ಜೊಲ್ಲನ್ನು ಒದಗಿಸುವ ಗ್ರಂಥಿಗಳಲ್ಲಿ ದೊಡ್ಡದು ಈ ಪೆರೋಟಿಡ್. ಕಿವಿಯ ಮುಂದೆ ಮತ್ತು ಕೆಳಗೆ, ಎರಡೂ ಕಡೆ ಒಂದೊಂದು ಇರುತ್ತದೆ. ಜೊಲ್ಲಿನ ಗ್ರಂಥಿಗಳಲ್ಲಿ ಏಳುವ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ಏಳುವುದು ಇದರಲ್ಲಿಯೇ. ಅವುಗಳಲ್ಲಿಯೂ ನೂರಕ್ಕೆ ಸುಮಾರು 80 ಸೌಮ್ಯವಾದವು. ಇಷ್ಟಾದರೆ ಮಾತು ಸುಲಭವಾಗುತ್ತಿತ್ತು. ಆದರೆ ತಲೆಬುರುಡೆಯಿಂದ ಕಿವಿಯ ಕೆಳಗೆ ಹೊರಬರುವ ಮುಖದ ನರವು ನೇರವಾಗಿ ಇದೇ ಗ್ರಂಥಿಯೊಳಕ್ಕೆ ನುಗ್ಗುತ್ತದೆ; ಒಳಗೇ ಕವಲೊಡೆದು ಐದು ಶಾಖೆಗಳಾಗಿ ಹಣೆಗೆ, ಕಣ್ಣಿಗೆ, ಗಲ್ಲಕ್ಕೆ, ಕೆಳದುಟಿಗೆ, ಕುತ್ತಿಗೆಗೆ ಹರಡಿಕೊಳ್ಳುತ್ತದೆ. ಹುಬ್ಬು ಏರಿಸುವುದು, ರೆಪ್ಪೆ ಮುಚ್ಚುವುದು, ನಗುವುದು, ಸಿಳ್ಳೆ ಹಾಕುವುದು ಎಲ್ಲವೂ ಈ ಶಾಖೆಗಳ ಕೆಲಸ. ಈ ನರದ ಬಗೆಗೆ 1821ರಲ್ಲಿ ಪ್ರಬಂಧ ಬರೆದ ಚಾರ್ಲ್ಸ್ ಬೆಲ್ಲನು ಶಸ್ತ್ರವೈದ್ಯನಾಗಿದ್ದನಲ್ಲದೆ, 1806ರಲ್ಲಿಯೇ ಚಿತ್ರಕಾರರಿಗಾಗಿ ಮುಖದ ಭಾವಗಳ ಮೇಲೆ ಪುಸ್ತಕ ಬರೆದವನೂ ಆಗಿದ್ದ. ಭಾವವನ್ನು ಕುರಿತ ಕುತೂಹಲವೂ ನರದ ಶೋಧವೂ ಒಬ್ಬನಲ್ಲೇ ಕೂಡಿದ್ದು ಆಶ್ಚರ್ಯವಲ್ಲ.

ಗಡ್ಡೆಯನ್ನು ಹಾಗೇ ಬಿಟ್ಟರೇನು? ಚಿಗವ್ವನಿಗಿದ್ದ ಜಾತಿಯ ಗಡ್ಡೆ ಮೆಲ್ಲಗೆ ಬೆಳೆಯುತ್ತಲೇ ಇರುತ್ತದೆ. ವರ್ಷಗಳು ಸಂದಂತೆ ಅದು ಕ್ಯಾನ್ಸರಿಗೆ ತಿರುಗುವ ಸಂಭವವೂ ಏರುತ್ತದೆ. ಐದು ವರ್ಷದೊಳಗೆ ನೂರಕ್ಕೆ ಒಂದೂವರೆ, ಹದಿನೈದು ವರ್ಷ ದಾಟಿದರೆ ಒಂಬತ್ತರ ಮೇಲೆ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಹಾಗಾದರೆ ಮೇಲಿನಿಂದ ಗಡ್ಡೆಯನ್ನಷ್ಟೇ ಸುಲಿದು ತೆಗೆದರೇನು? ಹಿಂದೆ ಹಾಗೆಯೇ ಮಾಡುತ್ತಿದ್ದರಂತೆ. ಆದರೆ ಅದರ ಪೊರೆ ಹರಿದು ಕಣಗಳು ಚೆಲ್ಲಿ, ಕೆಲವು ವರ್ಷಗಳಲ್ಲಿ ಒಂದರ ಜಾಗದಲ್ಲಿ ಹತ್ತು ಗಂಟುಗಳು ಏಳುತ್ತಿದ್ದವು. ಆದುದರಿಂದ ಈಗ ಶಸ್ತ್ರವೈದ್ಯರು ಮೊದಲು ಗಡ್ಡೆಯನ್ನು ಮುಟ್ಟುವುದೇ ಇಲ್ಲ. ಕಿವಿಯ ಮೃದ್ವಸ್ಥಿ, ಕತ್ತಿನ ಒಂದು ಸ್ನಾಯು ಮುಂತಾದ ಗುರುತುಗಳನ್ನು ಹಿಡಿದು ಹೋಗಿ ಮೊದಲು ನರದ ಬುಡವನ್ನು ಹುಡುಕುತ್ತಾರೆ. ಅದರ ಒಂದೊಂದು ಶಾಖೆಯನ್ನೂ ಬಿಡಿಸಿಕೊಳ್ಳುತ್ತಾರೆ. ಆ ಮೇಲೆ, ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದೊಡನೆ ಗಡ್ಡೆಯನ್ನು ತೆಗೆಯುತ್ತಾರೆ. ಉಳಿಸಬೇಕಾದುದನ್ನು ಮೊದಲು ಗುರುತಿಸಿ, ಅನಂತರವೇ ತೆಗೆಯಬೇಕಾದುದಕ್ಕೆ ಕೈಯಿಡುವ ಕ್ರಮ ಇದು.

ಇಷ್ಟು ಜಾಗ್ರತೆ ಮಾಡಿದರೂ, ಬಿಡಿಸುವಾಗ ಎಳೆತ ಬಿದ್ದ ನರವು ಕೆಲಕಾಲ ಮಂಕಾಗುವುದುಂಟು. ನೂರು ಮಂದಿಯಲ್ಲಿ ಇಪ್ಪತ್ತರಿಂದ ನಲವತ್ತು ಮಂದಿಗೆ ಮುಖದ ಯಾವುದಾದರೊಂದು ಭಾಗ, ಹೆಚ್ಚಾಗಿ ಕೆಳದುಟಿಯ ಮೂಲೆ, ಕೆಲವು ವಾರ ಇಲ್ಲವೆ ತಿಂಗಳು ಸರಿಯಾಗಿ ಆಡದೆ ಇರಬಹುದು. ಪಳಗಿದ ಕೈಗಳಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಗೆ ಅದು ಶಾಶ್ವತವಾಗಿ ಉಳಿಯಬಹುದು. ಕಿವಿಯ ಹಾಲೆ ಜೋಮು ಹಿಡಿದಂತಾಗಬಹುದು. ಮುಂದೆಂದಾದರೂ ಉಣ್ಣುವಾಗ ಆ ಬದಿಯ ಗಲ್ಲ ಬೆವರಬಹುದು. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ನರದೆಳೆಗಳು ದಾರಿ ತಪ್ಪಿ ಚರ್ಮದ ಬೆವರಿನ ಗ್ರಂಥಿಗಳಿಗೆ ಹೋಗಿ ಸೇರಿಕೊಳ್ಳುವುದರಿಂದ ಹೀಗಾಗುತ್ತದಂತೆ. ವೈದ್ಯರು ಇದನ್ನೆಲ್ಲ ಹೇಳಿ ಮುಗಿಸಿದಾಗ, ಹೊರಗಿನ ಬಾಕಿನ ಮೇಲೆ ಚಿಗವ್ವ ಕುಳಿತಿದ್ದಳು. ಒಳಗಿದ್ದವರು ಆಕೆಯ ಇಬ್ಬರು ಗಂಡುಮಕ್ಕಳು ಮತ್ತು ನಾನು.

ಅಂದು ರಾತ್ರಿ ನಮ್ಮ ಮನೆಯಲ್ಲಿ ಆಕೆ ಮಲಗಿದ ಮೇಲೆ ನಾವು ಮೂವರೂ ಮಾತಿಗೆ ಕುಳಿತೆವು. ಮುಖದ ವಿಷಯ ಆಕೆಗೆ ತಿಳಿಸಿದರೆ ಅಂಜಿ ಬೇಡವೇ ಬೇಡವೆಂದಾಳು. ಬೇಡವೆಂದರೆ ಗಡ್ಡೆ ಬೆಳೆಯುತ್ತದೆ. ಬೆಳೆದರೆ ಮುಂದೆ ನರವೂ ಉಳಿಯದು, ಜೀವವೂ ಉಳಿಯದು. ಆದುದರಿಂದ "ಸಣ್ಣ ಆಪರೇಶನ್, ಎರಡು ದಿನದಾಗ ಮನೀಗೆ" ಎಂದಷ್ಟೇ ಹೇಳಬೇಕು, ಉಳಿದುದನ್ನು ನಾವು ನೋಡಿಕೊಳ್ಳಬೇಕು. ಆಕೆಗೆ ಅರವತ್ತೆರಡು ವರ್ಷ, ಗಂಡನಿಲ್ಲ, ಮಕ್ಕಳ ಮದುವೆಯಾಗಿದೆ. ತುಟಿ ತುಸು ಸೊಟ್ಟಾದರೆ ಆಗುವುದೇನು? ಈ ಮಾತನ್ನು ವಾಚಕರ ಮುಂದೆ ಮುಚ್ಚಿಡುವುದಿಲ್ಲ: ಇದನ್ನು ಆಡಿದವನು ನಾನೇ. ಮನೆತನದಲ್ಲಿ ನಾಲ್ಕಕ್ಷರ ಹೆಚ್ಚು ಓದಿದವನೆಂದು, ವೈದ್ಯರಿಗೆ ಈ ವಿನಂತಿ ಮಾಡುವ ಕೆಲಸವನ್ನೂ ನನಗೇ ಒಪ್ಪಿಸಿದರು. ನಾನು ಒಪ್ಪಿಕೊಂಡೆ.

ಮರುದಿನ ವೈದ್ಯರು ನನ್ನ ಮಾತನ್ನು ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ. "ಸರ, ನಿಮ್ಮ ಕಳಕಳಿ ನನಗ ತಿಳೀತೈತಿ. ಆದ್ರ ಮುಖ ಅವರದು. ನಾಳೆ ಕನ್ನಡಿ ಮುಂದ ನಿಂದ್ರವರು ಅವರು. ನೀವಲ್ಲ, ನಾನೂ ಅಲ್ಲ. ಅವರಿಗೆ ಹೇಳದ ನಾ ಕತ್ತರಿ ಹಿಡಿಯೂದಿಲ್ಲ" ಎಂದರು. ನಾನು ಮುಖ ಬಾಡಿಸಿಕೊಂಡು ಹೊರಗೆ ಬಂದೆ. ಆದರೆ ಅಂದಿನಿಂದ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಪಕ್ಷದಲ್ಲಿ ನ್ಯಾಯವಿರಲಿಲ್ಲವೆ? ವಿಚಾರ ಮಾಡಿ ನೋಡೋಣ.

ಮರೆಮಾಚುವವರ ಪಕ್ಷವು ದುರ್ಬಲವಾದುದೇನೂ ಅಲ್ಲ. ಅಪ್ರಿಯವಾದ ಸತ್ಯವನ್ನು ಆಡಬಾರದೆಂಬ ನೀತಿ ನಮ್ಮಲ್ಲಿ ಹಳೆಯದು. ಗ್ರೀಕರಲ್ಲಿಯೂ ಹಿಪೊಕ್ರಟೀಸನ ಹೆಸರಿನಲ್ಲಿ ಬಂದ ಗ್ರಂಥಗಳಲ್ಲೊಂದು, ವೈದ್ಯನು ರೋಗಿಯಿಂದ ಬಹಳಷ್ಟನ್ನು ಮರೆಯಾಗಿರಿಸಬೇಕೆಂದೇ ಬೋಧಿಸುತ್ತದೆ. ಬಹಳ ಹಿಂದಿನ ಮಾತೇಕೆ? 1961ರಲ್ಲಿ ಅಮೆರಿಕದ ವೈದ್ಯರನ್ನು ವಿಚಾರಿಸಿದಾಗ, ನೂರಕ್ಕೆ ತೊಂಬತ್ತು ಮಂದಿ ಕ್ಯಾನ್ಸರ್ ಎಂಬ ಮಾತನ್ನು ರೋಗಿಗೆ ಹೇಳದಿರುವುದೇ ತಮ್ಮ ರೂಢಿಯೆಂದಿದ್ದರು. ಅದೇ ಪ್ರಶ್ನೆಯನ್ನು ಹದಿನೆಂಟು ವರ್ಷಗಳ ತರುವಾಯ, 1979ರಲ್ಲಿ ಕೇಳಿದಾಗ ನೂರಕ್ಕೆ ತೊಂಬತ್ತೇಳು ಮಂದಿ ಹೇಳುತ್ತೇವೆಂದರು. ಮೊದಲಿನವರು ದಯೆಯಿಲ್ಲದವರಾಗಿದ್ದರು, ಎರಡನೆಯವರು ದಯಾಳುಗಳಾದರು ಎಂದಲ್ಲ. ಎರಡೂ ಕಡೆ ದಯೆಯೇ ಇತ್ತು. ಬದಲಾದದ್ದು, ದಯೆ ತೋರಿಸುವವನಿಗೆ ಎಷ್ಟು ಅಧಿಕಾರವುಂಟು ಎಂಬ ತಿಳಿವಳಿಕೆ.

ನ್ಯಾಯಾಲಯಗಳೂ ಈ ಗಂಟನ್ನು ಬಿಡಿಸಲು ಯತ್ನಿಸಿವೆ. ನಮ್ಮ ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪು ನಮ್ಮಂಥ ಮನೆತನಗಳವರೆಲ್ಲ ತಿಳಿದಿರಬೇಕಾದದ್ದು. ತಪಾಸಣೆಗೆಂದು ಮಾತ್ರ ಒಪ್ಪಿ ಅರಿವಳಿಕೆ ಪಡೆದಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನೂ ಅಂಡಾಶಯಗಳನ್ನೂ, ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ರೋಗಿ ವಯಸ್ಕಳು, ಬುದ್ಧಿ ಸ್ವಸ್ಥವಾಗಿದೆ, ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿಲ್ಲ. ಹೀಗಿರುವಾಗ ತಾಯಿಯ ಒಪ್ಪಿಗೆಯು ಮಗಳ ಒಪ್ಪಿಗೆಯಾಗದು ಎಂದು ನ್ಯಾಯಾಲಯ ಹೇಳಿತು. ಹೆತ್ತ ತಾಯಿಗೇ ಇಲ್ಲದ ಅಧಿಕಾರವನ್ನು ಅಕ್ಕನ ಮಗನಾದ ನಾನು ಪಡಸಾಲೆಯಲ್ಲಿ ಕುಳಿತು ವಹಿಸಿಕೊಂಡಿದ್ದೆ!

ಆಸ್ಟ್ರೇಲಿಯದಲ್ಲಿ 1992ರಲ್ಲಿ ಇತ್ಯರ್ಥವಾದ ಇನ್ನೊಂದು ಪ್ರಕರಣವಿದೆ. ಒಬ್ಬ ಮಹಿಳೆಗೆ ಚಿಕ್ಕಂದಿನಿಂದ ಒಂದು ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಅದರ ಶಸ್ತ್ರಚಿಕಿತ್ಸೆಗೆ ಮುಂಚೆ, ನನ್ನ ಒಳ್ಳೆಯ ಕಣ್ಣಿಗೆ ಏನೂ ಆಗದಷ್ಟೆ ಎಂದು ಆಕೆ ತನ್ನ ಕಳವಳವನ್ನು ಮತ್ತೆ ಮತ್ತೆ ತೋಡಿಕೊಂಡಿದ್ದಳು. ಒಂದು ಕಣ್ಣಿನ ಚಿಕಿತ್ಸೆಯಿಂದ ಇನ್ನೊಂದು ಕಣ್ಣಿಗೆ ಉರಿಯೂತ ಹಬ್ಬುವ ಸಂಭವ ಹದಿನಾಲ್ಕು ಸಾವಿರಕ್ಕೆ ಒಂದು. ವೈದ್ಯರು ಅದನ್ನು ಹೇಳಲಿಲ್ಲ. ಆ ಒಂದು ಆಕೆಯೇ ಆದಳು. ಕಾಣುತ್ತಿದ್ದ ಕಣ್ಣೂ ಹೋಯಿತು. ಚಿಕಿತ್ಸೆಯಲ್ಲಿ ಕೈತಪ್ಪು ಆಗಿರಲಿಲ್ಲ, ಆದರೆ ಹೇಳದಿದ್ದುದು ತಪ್ಪು ಎಂದು ಆ ದೇಶದ ಅತ್ಯುನ್ನತ ನ್ಯಾಯಾಲಯ ತೀರ್ಮಾನಿಸಿತು. ಹದಿನಾಲ್ಕು ಸಾವಿರಕ್ಕೆ ಒಂದೆಂಬುದು ಅಂಕಿಯಾಗಿ ನೋಡಿದರೆ ಏನೂ ಅಲ್ಲ. ಒಂದೇ ಕಣ್ಣಿನಲ್ಲಿ ಲೋಕವನ್ನೆಲ್ಲ ನೋಡುತ್ತಿರುವವರಿಗೆ ಅದು ಬೇರೆಯೇ.

ಕಾನೂನು ಹೇಳುವುದು ಯಾವುದು ಶಿಕ್ಷಾರ್ಹ, ಯಾವುದು ಅಲ್ಲ ಎಂಬುದನ್ನು. ನಮಗೆ ಬೇಕಾದದ್ದು ಅದರ ಹಿಂದಿನ ಕಾರಣ. ಹೇಳಬೇಕು ಏಕೆ? ಹೇಳಿದರೆ ರೋಗಿ ಇನ್ನಷ್ಟು ಜಾಣ ನಿರ್ಧಾರ ಮಾಡುತ್ತಾರೆ ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಅದು ಯಾವಾಗಲೂ ನಿಜವಲ್ಲ. ಅಂಜಿ ಹಿಂದೆಗೆದು ಕೆಟ್ಟವರನ್ನೂ ನಾವು ಕಂಡಿದ್ದೇವೆ. ನನಗೆ ತೋರುವ ಕಾರಣ ಬೇರೆ. ಒಂದು ತುಟಿ ಸೊಟ್ಟಾಯಿತೆನ್ನಿ. ತಿಳಿದು ಒಪ್ಪಿದವರಿಗೆ ಅದು ತಾವು ಜೀವಕ್ಕಾಗಿ ತೆತ್ತ ಬೆಲೆ. ತಿಳಿಯದೆ ಒಪ್ಪಿದವರಿಗೆ ಅದು ತಮ್ಮಿಂದ ಕಸಿದುಕೊಂಡದ್ದು. ನರ ಅದೇ, ತುಟಿ ಅದೇ, ಅಳತೆಯೂ ಕೂದಲೆಳೆಯಷ್ಟು ಬೇರೆಯಲ್ಲ. ಆದರೂ ಇವು ಎರಡು ಬೇರೆ ಬೇರೆ ಗಾಯಗಳು. ಮೊದಲನೆಯದನ್ನು ಹೊತ್ತು ಬಾಳಬಹುದು. ಎರಡನೆಯದರಲ್ಲಿ ಕನ್ನಡಿ ನೋಡಿದಾಗಲೆಲ್ಲ ತನ್ನವರ ವಂಚನೆಯೂ ಕಾಣುತ್ತದೆ. ನಾವು ಮರೆಮಾಚಲು ಹೊರಟದ್ದು ಒಂದು ಭಯವನ್ನು ಮಾತ್ರವಲ್ಲ; ಮುಂದಿನ ನೋವನ್ನು ತನ್ನದಾಗಿಸಿಕೊಳ್ಳಲು ಆಕೆಗೆ ಬೇಕಾಗಿದ್ದ ಆಧಾರವನ್ನೇ.

ಇನ್ನೊಂದು ಕಾರಣವೂ ಇದೆ. ಅಪಾಯ ಎಷ್ಟೆಂಬುದನ್ನು ವೈದ್ಯರು ಬಲ್ಲರು. ಅದು ಎಷ್ಟು ಭಾರವೆಂಬುದನ್ನು ಅವರು ಬಲ್ಲರೆ? ಸನಾದಿ ಊದಿ ಹೊಟ್ಟೆ ಹೊರೆಯುವವನಿಗೆ ಗಲ್ಲದ ಶಾಖೆ ಹೋದರೆ ಅನ್ನವೇ ಹೋಯಿತು. ಇನ್ನೊಬ್ಬನಿಗೆ ಅದು ಊಟದ ಹೊತ್ತಿನ ಸಣ್ಣ ತೊಡಕು. ಕಣ್ಣಿನ ರೆಪ್ಪೆ ಮುಚ್ಚದಿದ್ದರೆ ಹೊಲದ ಧೂಳಿನಲ್ಲಿ ದುಡಿಯುವವನ ಕಣ್ಣೇ ಕೆಡಬಹುದು. ಮೂವರು ಗಂಡಸರು ಕುಳಿತು ಅರವತ್ತೆರಡರ ಹೆಂಗಸಿಗೆ ಮುಖದಿಂದ ಆಗಬೇಕಾದದ್ದೇನು ಎಂದು ತೀರ್ಮಾನಿಸಿದ್ದೆವು. ಸೌಂದರ್ಯವೊಂದೇ ಮುಖದ ಉಪಯೋಗವೆಂದು ತಿಳಿದಿದ್ದೆವೆಂದು ತೋರುತ್ತದೆ.

ವೈದ್ಯರು ಚಿಗವ್ವನಿಗೆ ಹೇಳಿದ ದಿನ ನಾನೂ ಒಳಗಿದ್ದೆ. ಒಂದು ಕಾಗದದ ಹಿಂಬದಿಯಲ್ಲಿ ಕಿವಿ ಬರೆದರು, ಗಂಟು ಬರೆದರು, ಅದರೊಳಗಿನಿಂದ ಐದು ಗೆರೆ ಎಳೆದರು. ನೋಡಲು ಹರಡಿದ ಅಂಗೈಯಂತಿತ್ತು. "ಯವ್ವಾ, ಈ ಗಂಟು ಕೆಟ್ಟದ್ದಲ್ಲ, ಆದ್ರ ಇರಬಾರದ ಜಾಗಾದಾಗ ಐತಿ" ಎಂದು ಶುರುಮಾಡಿ, ತುಟಿಯ ವಿಷಯ, ಕಣ್ಣಿನ ವಿಷಯ, ಕಿವಿಯ ಹಾಲೆಯ ವಿಷಯ ಎಲ್ಲವನ್ನೂ ಹೇಳಿದರು. ಎಲ್ಲಿಯೂ ಅವಸರ ಮಾಡಲಿಲ್ಲ. ಚಿಗವ್ವ ಆ ಐದು ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಆಕೆಯ ಮನೆತನದ್ದು ಮಗ್ಗದ ಕಸುಬು. ಬಾಳೆಲ್ಲ ನೂಲು ಸುತ್ತಿದವಳು. "ನೂಲು ಸಿಕ್ಕ ಬಿದ್ದಾಗ ಗಂಟ ಹಿಡದು ಎಳದ್ರ ಹರೀತೈತ್ರಿ ಸಾಹೇಬ್ರ. ಮೊದಲ ಎಳಿ ಎಲ್ಲಿ ಐತಿ ನೋಡಬೇಕು, ಆಮ್ಯಾಲ ಗಂಟಿಗೆ ಕೈ ಹಚ್ಚಬೇಕು. ನೀವೂ ಹಂಗ ಮಾಡ್ತೀರೋ ಇಲ್ಲೋ?" ಎಂದಳು. ವೈದ್ಯರಿಗೆ ನಗು ಬಂತು. "ಹಂಗ ಮಾಡೂದ್ರಿ ಯವ್ವಾ" ಎಂದರು.

ಆಮೇಲೆ ಆಕೆ ಕೇಳಿದ ಪ್ರಶ್ನೆ ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ: "ತುಟಿ ಸೊಟ್ಟಾದ್ರ ಹಾಡಾಕ ಬರತೈತೋ ಇಲ್ಲೋ?" ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನದ ಪದ ಎತ್ತಿಕೊಡುವವಳು ಚಿಗವ್ವ. ಅದು ನಮಗೆ ಗೊತ್ತಿದ್ದ ಸಂಗತಿಯೇ. ಆದರೆ ಲೆಕ್ಕಕ್ಕೆ ಬಂದಿರಲಿಲ್ಲ. ಕನ್ನಡ ಕಲಿಸಿ ಬದುಕುವವನಾದ ನನಗಂತೂ ನಾಚಿಕೆಯಾಯಿತು. ಪ, ಫ, ಬ, ಭ, ಮ ಎಂಬ ಐದು ಅಕ್ಷರಗಳು ಓಷ್ಠ್ಯಗಳೆಂದು, ಎರಡು ತುಟಿ ಕೂಡದೆ ಅವು ಹುಟ್ಟವೆಂದು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಅಪ್ಪ, ಅಮ್ಮ, ಮಗ, ಮಗಳು, ತಮ್ಮ, ಬಾ ಎಂದು ನಾವು ಹತ್ತಿರದವರನ್ನು ಕರೆಯುವ ಮಾತುಗಳಲ್ಲಿ ಎಷ್ಟೊಂದು ಈ ತುಟಿಗಳ ಮೇಲೆ ನಿಂತಿವೆ! ಪಾಠ ಹೇಳುವವನಿಗೆ ಕಾಣದ್ದು ಹಾಡುವವಳಿಗೆ ಕಂಡಿತು. ತುಟಿ ಮಂಕಾದರೆ ಕೆಲವು ತಿಂಗಳು ಮಾತು ತುಸು ತೊಡರಬಹುದು, ದನಿಗೆ ಏನೂ ಆಗದು, ಏಕೆಂದರೆ ದನಿಯ ನರ ಬೇರೆ ಎಂದು ವೈದ್ಯರು ತಿಳಿಸಿದರು. ಚಿಗವ್ವ, ವಿಚಾರ ಮಾಡಿ ಹೇಳುತ್ತೇನೆಂದು ಇಳಕಲ್ಲಿಗೆ ಹೋದಳು. ಮಕ್ಕಳಿಬ್ಬರೂ ನನ್ನ ಕಡೆ ನೋಡಿದರು. ಆಕೆ ಮರಳಿ ಬಾರಳೆಂದೇ ಅವರ ನಂಬಿಕೆ.

ನಾಲ್ಕನೆಯ ದಿನ ಆಕೆ ಮರಳಿ ಬಂದಳು. ಬಂದವಳು ಮೊದಲು ಮಾಡಿದ ಕೆಲಸವೆಂದರೆ, ನನ್ನ ಮೊಬೈಲಿನಲ್ಲಿ ತನ್ನದೊಂದು ಚಿತ್ರ ತೆಗೆಯಲು ಹೇಳಿದ್ದು. ಇಳಕಲ್ಲ ಸೀರೆಯ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಗಂಟೂ ಕಾಣುವಂತೆ, ಹಲ್ಲು ಬಿಟ್ಟು ನಕ್ಕಳು. "ಇದ ಹೋದ್ರೂ ಹೋಗಬಹುದು, ಒಂದ ಇರಲಿ ತಮ್ಮಾ" ಎಂದಳು. ನಾನು ಅಂಜುಬುರುಕಿಯೆಂದು ತಿಳಿದಿದ್ದವಳು ಹೀಗೆ ತನ್ನ ನಗೆಯನ್ನು ಎತ್ತಿಡಿಸಿ ಮೇಜಿನ ಮೇಲೆ ಮಲಗಲು ಹೋದಳು.

ಇಲ್ಲಿ ಒಂದೆರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. "ನನಗೇನೂ ಹೇಳಬೇಡಿ, ನಿಮಗೆ ತಿಳಿದಂತೆ ಮಾಡಿ" ಎನ್ನುವವರೂ ಇದ್ದಾರಲ್ಲ? ಇದ್ದಾರೆ, ಅವರ ಮೇಲೆ ಸತ್ಯವನ್ನು ಹೇರಬೇಕಾಗಿಲ್ಲ. ಆದರೆ ನಿರ್ಧಾರವನ್ನು ಮತ್ತೊಬ್ಬರ ಕೈಗೆ ಒಪ್ಪಿಸುವುದೂ ಅವರೇ ಮಾಡಿದ ಒಂದು ನಿರ್ಧಾರ. ಕೊಟ್ಟದ್ದನ್ನು ತೆಗೆದುಕೊಳ್ಳುವುದಕ್ಕೂ, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸವಿಲ್ಲವೆ? ಇನ್ನು, ಹೇಳುವುದೆಂದರೆ ಭಯದ ಪಟ್ಟಿಯನ್ನು ಒಮ್ಮೆಗೇ ರೋಗಿಯ ತಲೆಯ ಮೇಲೆ ಸುರಿಯುವುದಲ್ಲ. ಸಣ್ಣಕ್ಷರದ ಇಂಗ್ಲಿಷ್ ಕಾಗದವನ್ನು ಮುಂದೊಡ್ಡಿ, "ಇಲ್ಲಿ ಸಹಿ ಮಾಡ್ರಿ" ಎಂದು ಮಗನ ಸಹಿ ಪಡೆಯುವ ಪದ್ಧತಿಯನ್ನು ನಾವೆಲ್ಲ ಕಂಡಿದ್ದೇವೆ. ಅದು ರೋಗಿಗೆ ಹೇಳಿದ್ದಲ್ಲ, ನಾಳಿನ ವಕೀಲರಿಗೆ ಹೇಳಿದ್ದು. ಒಂದು ಕಾಗದದ ಹಿಂಬದಿ, ಐದು ಗೆರೆ, ಕಾಲು ಗಂಟೆಯ ತಾಳ್ಮೆ. ನಾನು ಕಂಡ ಹೇಳಿಕೆಗೆ ಬೇಕಾಗಿದ್ದುದು ಇಷ್ಟೇ.

ಮೊದಲೇ ಹೇಳಬೇಕಾದುದಕ್ಕೆ ಈ ಶಸ್ತ್ರಚಿಕಿತ್ಸೆಯೊಳಗೇ ಒಂದು ಕಠಿಣ ಕಾರಣವಿದೆ. ಗಡ್ಡೆ ಕ್ಯಾನ್ಸರಾಗಿದ್ದು ನರವನ್ನೇ ಹಿಡಿದುಕೊಂಡಿದ್ದರೆ, ನರದ ಆ ತುಂಡನ್ನೂ ತೆಗೆಯಬೇಕಾಗುತ್ತದೆ. ಕಾಲಿನಿಂದಲೋ ಕತ್ತಿನಿಂದಲೋ ಬೇರೊಂದು ನರದ ತುಣುಕನ್ನು ತಂದು ಜೋಡಿಸಬೇಕಾಗುತ್ತದೆ. ಅದು ಕೂಡಿಕೊಂಡು ಮುಖ ಆಡಲು ತಿಂಗಳುಗಟ್ಟಲೆ ಬೇಕು. ಆಡಿದರೂ ಮೊದಲಿನಂತೆ ಆಡದು. ಎಳೆಗಳು ದಾರಿ ತಪ್ಪಿ ಬೆಳೆದು, ನಕ್ಕರೆ ಕಣ್ಣು ಮುಚ್ಚುವುದೂ ಉಂಟು. ಸೂಜಿಯ ಪರೀಕ್ಷೆ ಸೌಮ್ಯವೆಂದರೂ, ಒಳಗೆ ಹೋದ ಮೇಲೆ ಬೇರೆ ಕಂಡುಬರಬಹುದು. ಆಗ ಮುಖವೋ ಜೀವವೋ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಹೇಳಬೇಕಾದವರು ಅರಿವಳಿಕೆಯಲ್ಲಿ ಮಲಗಿರುತ್ತಾರೆ. ಕೇಳಬೇಕಾದ್ದನ್ನು ಅವರು ಎಚ್ಚರವಾಗಿರುವಾಗಲೇ ಕೇಳಿಟ್ಟುಕೊಳ್ಳಬೇಕು. ಚಿಗವ್ವ ಇದಕ್ಕೂ ಉತ್ತರ ಕೊಟ್ಟಿದ್ದಳು: "ಜೀವ ಇದ್ರ ಸೊಟ್ಟ ಬಾಯಿಲೇ ಮೊಮ್ಮಗಳನ್ನ ಕರೀತೀನಿ." ಆ ಉತ್ತರ ವೈದ್ಯರ ಕೈಗೆ ಎಷ್ಟು ಧೈರ್ಯ ಕೊಟ್ಟಿರಬೇಕು!

ಶಸ್ತ್ರಚಿಕಿತ್ಸೆ ಮೂರು ಗಂಟೆಗೂ ಮೀರಿ ನಡೆಯಿತು. ಗಡ್ಡೆ ಪೂರ್ತಿಯಾಗಿ ಬಂತು, ಸೌಮ್ಯವಾದದ್ದೇ. ಐದು ಶಾಖೆಗಳೂ ಹರಿಯದೆ ಉಳಿದವು. ಆದರೆ ಮರುದಿನ ಆಕೆ ನಗಲು ಹೋದಾಗ ಎಡಗಡೆಯ ಕೆಳದುಟಿ ಹಿಂದೆ ಉಳಿಯಿತು. ನೀರು ಕುಡಿಯುವಾಗ ಆ ಮೂಲೆಯಿಂದ ಹನಿ ಇಳಿಯುತ್ತಿತ್ತು. ಮಕ್ಕಳು ಕಂಗೆಟ್ಟರು, ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಮುಖ ತೋರಿಸು, ಮುಖ ಉಳಿಸು, ಮುಖಭಂಗ ಎಂದು ನಮ್ಮ ಭಾಷೆ ಮಾನವನ್ನೆಲ್ಲ ಮುಖದ ಮೇಲೆಯೇ ಇಟ್ಟಿದೆ. ನಮ್ಮ ಉಪಾಯ ನಡೆದಿದ್ದರೆ ಅಂದು ಆಕೆಗೆ ನಾನು ಯಾವ ಮುಖ ತೋರಿಸಬೇಕಾಗಿತ್ತು? ಚಿಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಾಹೇಬ್ರು ಹೇಳಿದ್ರಲ್ಲ, ಕೆಳಗಿನ ಗೆರಿ ಇದ" ಎಂದಳು. ನಮ್ಮನ್ನು ಸಮಾಧಾನ ಮಾಡುವ ಕೆಲಸವೂ ಆಕೆಯದೇ ಆಯಿತು.

ಮೂರನೆಯ ತಿಂಗಳಲ್ಲಿ ಓಣಿಯಲ್ಲೊಂದು ಮದುವೆಯಾಯಿತು. ಚಿಗವ್ವ ಹೋಗಿದ್ದಳು; ಪದ ಎತ್ತಿಕೊಡದೆ ಹಿಂದೆ ಕುಳಿತು ದನಿಗೂಡಿಸಿದಳಂತೆ. ಕೆಲವರು ಆಕೆಯ ಬಾಯನ್ನೇ ನೋಡಿದರು, ಕೆಲವರು ನೋಡದಂತೆ ನಟಿಸಿದರು. ಒಬ್ಬಳು ಮಾತ್ರ ಪಕ್ಕಕ್ಕೆ ಬಂದು ಕುಳಿತು, ಏನಾಯಿತೆಂದು ನೇರವಾಗಿ ಕೇಳಿ ಎಲೆ ಅಡಿಕೆ ಕೊಟ್ಟಳು. ವೈದ್ಯರ ಕೆಲಸ ಮುಗಿದಲ್ಲಿಂದ ನೋಡುವವರ ಕೆಲಸ ಶುರುವಾಗುತ್ತದೆಂದು ಆಗ ಅನಿಸಿತು. ಒಂದು ಮುಖ ಬದಲಾದಾಗ ಅದನ್ನು ಹೊಸದಾಗಿ ಓದಲು ಕಲಿಯುವುದು ನಮ್ಮ ಮೇಲಿನ ಋಣ. ಆರನೆಯ ತಿಂಗಳಿಗೆ ತುಟಿ ಬಹುಮಟ್ಟಿಗೆ ಸರಿಹೋಯಿತು. ಜೋರಾಗಿ ನಕ್ಕಾಗ ಮಾತ್ರ ಒಂದಿಷ್ಟು ಓರೆ ಇಂದಿಗೂ ಉಳಿದಿದೆ. ಬೆಂಡೋಲೆ ಹಾಕಿಕೊಳ್ಳುವಾಗ ಕಿವಿಯ ಹಾಲೆಗೆ ಅದು ತಗುಲಿದ್ದು ತಿಳಿಯುವುದಿಲ್ಲವಂತೆ.

ಕಳೆದ ತಿಂಗಳು ತಪಾಸಣೆಗೆಂದು ಬಂದಾಗ, ಅಂದು ತೆಗೆದ ಚಿತ್ರ ತೋರಿಸು ಎಂದಳು. ನಾನು ಅನುಮಾನಿಸಿದೆ. ಆಕೆ ಬಿಡಲಿಲ್ಲ. ತೋರಿಸಿದೆ. ಒಂದಿಷ್ಟು ಹೊತ್ತು ನೋಡಿ, "ಈಗ ಇನ್ನೊಂದು ತೆಗಿ" ಎಂದು ಅದೇ ಕುರ್ಚಿಯ ಮೇಲೆ ಕುಳಿತು ನಕ್ಕಳು. ಎರಡನ್ನೂ ಅಕ್ಕಪಕ್ಕ ಹಿಡಿದೆ. ಒಂದರಲ್ಲಿ ಗಂಟು ಇದೆ, ನಗೆ ನೆಟ್ಟಗಿದೆ; ಇನ್ನೊಂದರಲ್ಲಿ ಗಂಟು ಇಲ್ಲ, ನಗೆ ತುಸು ಓರೆ. ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದೆ.

"ಎರಡೂ ಇರಲಿ," ಎಂದಳು. "ಎರಡೂ ನನ್ನವ. ಮೊಮ್ಮಗಳಿಗೆ ಎರಡೂ ಕಳಸು."

ಕಳಿಸಿದೆ.